ಅನ್ನಿಸಿದ್ದು ಬೇರೆ, ಆದದ್ದು ಬೇರೆ

ಮನಸ್ಸಿನ ಕಾಯಿಲೆಗೆ ಮಾತ್ರೆ ತಾಲ್ಲೂಕು ಆಸ್ಪತ್ರೆಯವರೆಗೆ ಬಂದಿದೆ. ಮಾತಿನ ಚಿಕಿತ್ಸೆ ಇನ್ನೂ ದಾರಿಯಲ್ಲಿದೆ.

ಕಾಂತೇಶ, ಶಾಂತೇಶ, ಭ್ರಾಂತೇಶ. ಕದರಮಂಡಲಗಿ, ಸಾತೇನಹಳ್ಳಿ, ಶಿಕಾರಿಪುರ ಈ ಮೂರು ಊರುಗಳ ಮೂರು ಹನುಮಂತರನ್ನು ಒಂದೇ ದಿನದಲ್ಲಿ ಕಂಡು ಬಂದರೆ ಪುಣ್ಯವೆಂಬ ನಂಬಿಕೆ ಈ ಸೀಮೆಯಲ್ಲಿ ಹಳೆಯದು. ಮೂವರಲ್ಲಿ ಶಿಕಾರಿಪುರದವನು ಭ್ರಾಂತೇಶ. ಸಂಸ್ಕೃತದ ಗೊಡವೆ ಇಲ್ಲದ ಜನ ಅವನನ್ನು ಹುಚ್ಚುರಾಯಸ್ವಾಮಿ ಎಂದೇ ಕರೆಯುತ್ತಾರೆ. ಊರಿನ ಕೆರೆಗೂ ಅದೇ ಹೆಸರು. ಮಕ್ಕಳಿಗೂ ಹುಚ್ಚರಾಯಪ್ಪ ಎಂದು ಹೆಸರಿಡುತ್ತಾರೆ. ಬೇರೆಲ್ಲ ಕಡೆ ಬೈಗುಳವಾಗುವ ಮಾತು ಇಲ್ಲಿ ಕೈಮುಗಿಸಿಕೊಳ್ಳುತ್ತದೆ.

ಅದೇ ಮಾತು ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬಂದರೆ ಮಾತ್ರ ದನಿ ತಗ್ಗುತ್ತದೆ. ಮಗಳು ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ, ಯಾರೊಡನೆಯೂ ಮಾತಾಡದೆ ಗೋಡೆಗೆ ಮುಖ ಮಾಡಿ ಮಲಗಿದರೆ ‘ಏನೋ ಮನಸ್ಸಿಗೆ ಹಚ್ಕೊಂಡಿದಾಳೆ’ ಎನ್ನುತ್ತೇವೆ. ಮಗ ರಾತ್ರಿಯಿಡೀ ಅಂಗಳದಲ್ಲಿ ಓಡಾಡಿದರೆ ‘ಗಾಳಿ ಸೋಕಿರಬೇಕು’. ಪಕ್ಕದ ಸೊರಬ ತಾಲ್ಲೂಕಿನವರಾದರೆ ಚಂದ್ರಗುತ್ತಿಯ ರೇಣುಕಾಂಬೆಗೆ ಒಂದು ಹರಕೆ. ಆಮೇಲೆ ಯಾರೋ ಹೇಳಿದ ಕಡೆ ಒಂದು ತಾಯಿತ. ಆಮೇಲೆ ಎದೆಯ ಡಾಕ್ಟರು, ಹೊಟ್ಟೆಯ ಡಾಕ್ಟರು, ನರದ ಡಾಕ್ಟರು. ಮನಸ್ಸಿನ ಡಾಕ್ಟರ ಸರದಿ ಬರುವುದು ಇವರೆಲ್ಲರ ನಂತರ, ಕೈಯಲ್ಲಿದ್ದ ದುಡ್ಡು ಮುಗಿದ ಮೇಲೆ.

ದೇವರ ಬಳಿ ಹೋಗುವುದನ್ನು ತಪ್ಪೆನ್ನಲು ಇದನ್ನು ಬರೆಯುತ್ತಿಲ್ಲ. ಹರಕೆ ಹೊತ್ತವರಿಗೆ ಒಂದು ಧೈರ್ಯ ಬರುತ್ತದೆ, ಧೈರ್ಯವೂ ಅರ್ಧ ಔಷಧವೇ. ಬೇಸರದ ಸಂಗತಿ ಬೇರೆ ಇದೆ. ಇಷ್ಟೆಲ್ಲ ಅಲೆದು ಸರಿಯಾದ ಬಾಗಿಲಿಗೆ ಬಂದವರಿಗೂ ಸಿಗುವುದು ಸಾಮಾನ್ಯವಾಗಿ ಮಾತ್ರೆಯ ಚೀಟಿಯಷ್ಟೆ. ಮಾತ್ರೆ ಬೇಡವೆಂದಲ್ಲ, ಎಷ್ಟೋ ಜನರಿಗೆ ಅದರಿಂದಲೇ ಗುಣವಾಗಿದೆ. ಆದರೆ ಮಾತ್ರೆಯ ಜೊತೆಗೆ, ಕೆಲವರಿಗೆ ಮಾತ್ರೆಯ ಬದಲಿಗೆ, ಕೊಡಬಹುದಾದ ಇನ್ನೊಂದು ಚಿಕಿತ್ಸೆ ಇದೆ. ಅದಕ್ಕೆ ಬೇಕಾಗುವ ಸಾಮಾನು ಎರಡು ಕುರ್ಚಿ, ಒಂದು ನೋಟುಬುಕ್ಕು, ಒಂದು ಪೆನ್ನು. ಇವುಗಳ ಜೊತೆಗೆ ತರಬೇತಿ ಪಡೆದ ಒಬ್ಬ ಮನುಷ್ಯ ಬೇಕು. ಕೊರತೆ ಇರುವುದು ಅಲ್ಲಿ. ಚಿಕಿತ್ಸೆಯ ಹೆಸರು ಕಾಗ್ನಿಟಿವ್ ಬಿಹೇವಿಯರ್ ಥೆರಪಿ. ಡಾಕ್ಟರುಗಳ ಬಾಯಲ್ಲಿ ಸಿ.ಬಿ.ಟಿ. ಕನ್ನಡದಲ್ಲಿ ಅರಿವು–ವರ್ತನೆ ಚಿಕಿತ್ಸೆ ಎಂದು ಬರೆಯುವುದುಂಟು.

ಅರಿವು ಎಂಬ ಮಾತನ್ನು ಈ ನೆಲದಲ್ಲಿ ಬಳಸುವಾಗ ಸ್ವಲ್ಪ ಎಚ್ಚರ ಬೇಕು. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಅವರ ಅರಿವಿನ ಎತ್ತರವೇ ಬೇರೆ. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಆದರೆ ಈ ಚಿಕಿತ್ಸೆಯ ಅರಿವು ತೀರಾ ಲೌಕಿಕವಾದದ್ದು. ರಾತ್ರಿ ನಿದ್ದೆ ಬರಬೇಕು, ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋಗುವಂತಾಗಬೇಕು, ಬಸ್ಸು ಹತ್ತುವಂತಾಗಬೇಕು. ಇಷ್ಟೇ ಅದರ ಗುರಿ.

<b>ಮಂಚದ ಹಿಂದೆ ಕೂತ ವೈದ್ಯ</b>

ಇದರ ಹುಟ್ಟಿನ ಕತೆ ಅಮೆರಿಕದ ಫಿಲಡೆಲ್ಫಿಯಾ ನಗರದ್ದು. ಆರನ್ ಬೆಕ್ ಎಂಬ ಮನೋವೈದ್ಯರು ಫ್ರಾಯ್ಡ್‌ನ ಸಂಪ್ರದಾಯದಲ್ಲಿ ಪಳಗಿದವರು. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಸಿ, ವರ್ಷಗಟ್ಟಲೆ ಕೇಳಿಸಿಕೊಳ್ಳುವುದು ಆ ಪದ್ಧತಿ. ಖಿನ್ನತೆ ಎಂದರೆ ಬೇರೆಯವರ ಮೇಲಿನ ಸಿಟ್ಟು ಒಳಕ್ಕೆ ತಿರುಗಿ ತನ್ನನ್ನೇ ತಿನ್ನುವುದು ಎಂದು ಫ್ರಾಯ್ಡ್ ಹೇಳಿದ್ದ. ಗುರುಗಳ ಮಾತನ್ನು ರುಜುವಾತು ಮಾಡಿ ತೋರಿಸೋಣವೆಂದು ಬೆಕ್ ಖಿನ್ನತೆಯ ರೋಗಿಗಳ ಕನಸುಗಳನ್ನು ಸಂಗ್ರಹಿಸಿದರು. ಕನಸುಗಳಲ್ಲಿ ಸಿಟ್ಟು ಸಿಗಲಿಲ್ಲ. ಸಿಕ್ಕಿದ್ದು ಸೋಲು, ಕಳೆದುಕೊಳ್ಳುವುದು, ಯಾರಿಗೂ ಬೇಡವಾಗುವುದು.

ಎಚ್ಚರದಲ್ಲಿಯೂ ಅದೇ. ರೋಗಿ ಒಂದು ಮಾತನ್ನು ಬಾಯಲ್ಲಿ ಆಡುತ್ತಿರುವಾಗಲೇ ಅವನ ತಲೆಯೊಳಗೆ ಇನ್ನೊಂದು ಮಾತು ಸದ್ದಿಲ್ಲದೆ ಓಡುತ್ತಿರುತ್ತದೆ ಎಂಬುದನ್ನು ಬೆಕ್ ಕಂಡುಕೊಂಡರು. ‘ಇವರಿಗೆ ನನ್ನ ಮಾತು ಬೇಜಾರಾಗಿದೆ’, ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’, ‘ಇದು ಸರಿಹೋಗುವುದಿಲ್ಲ’ ಎಂಬಂಥ ಮಾತುಗಳು. ಯಾರೂ ಕರೆಯದೆ ಬಂದು ಕೂರುವ ಇವನ್ನು ಅವರು ತಾವಾಗಿ ಏಳುವ ಆಲೋಚನೆಗಳು ಎಂದು ಕರೆದರು. 1960ರ ದಶಕದಲ್ಲಿ ಮಂಚವನ್ನು ಬದಿಗಿಟ್ಟು, ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಆ ಆಲೋಚನೆಗಳನ್ನು ಇಬ್ಬರೂ ಸೇರಿ ಪರೀಕ್ಷೆ ಮಾಡುವ ಪದ್ಧತಿ ಶುರುವಾಯಿತು. ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬ ಇನ್ನೊಬ್ಬರು ತಮ್ಮದೇ ದಾರಿಯಲ್ಲಿ ಹತ್ತಿರ ಹತ್ತಿರ ಇಲ್ಲಿಗೇ ಬಂದಿದ್ದರು. ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುವ ವರ್ತನೆಯ ಚಿಕಿತ್ಸೆ ಮತ್ತೊಂದು ಕಡೆಯಿಂದ ಬಂದು ಸೇರಿತು. ಬೆಕ್ 2021ರಲ್ಲಿ ತೀರಿಕೊಂಡಾಗ ಅವರಿಗೆ ನೂರು ವರ್ಷ ತುಂಬಿತ್ತು. ಮನಸ್ಸಿನ ಚಿಕಿತ್ಸೆಗಳಲ್ಲಿ ಇಷ್ಟು ವ್ಯಾಪಕವಾಗಿ ಪರೀಕ್ಷೆಗೆ ಒಳಗಾದದ್ದು ಇನ್ನೊಂದಿಲ್ಲವೆಂದರೆ ತಪ್ಪಾಗದು. ಇಂಗ್ಲೆಂಡ್ 2008ರಲ್ಲಿ ಇಂಥ ಮಾತಿನ ಚಿಕಿತ್ಸೆಯನ್ನು ತನ್ನ ಸರ್ಕಾರಿ ಆರೋಗ್ಯ ಸೇವೆಯ ಮೂಲಕ ದೇಶದ ತುಂಬ ಕೊಡಲು ಹೊರಟಿತು.

<b>ಕನ್ನಡದ ಒಂದು ಕ್ರಿಯಾಪದ</b>

‘ನನಗೆ ಹೀಗೆ ಅನ್ನಿಸ್ತದೆ’ ಎಂದು ನಾವು ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ಲೆಕ್ಕವಿಲ್ಲ. ಈ ಅನ್ನಿಸುವುದು ಬಹಳ ಉಪಯೋಗದ, ಬಹಳ ಮೋಸದ ಕ್ರಿಯಾಪದ. ‘ಬೇಜಾರು ಅನ್ನಿಸ್ತದೆ’ ಎಂದರೆ ಅದು ಭಾವನೆ. ‘ಅವನು ಬರೋದಿಲ್ಲ ಅನ್ನಿಸ್ತದೆ’ ಎಂದರೆ ಅದು ಊಹೆ. ‘ನಾನು ಬದುಕಿ ಏನು ಪ್ರಯೋಜನ ಅನ್ನಿಸ್ತದೆ’ ಎಂದಾಗ ಅದರಲ್ಲಿ ಎರಡೂ ಕಲಸಿಕೊಂಡಿರುತ್ತವೆ. ದುಃಖ ಯಾವುದು, ತೀರ್ಪು ಯಾವುದು ಎಂದು ಹೇಳಿದವರಿಗೇ ಗೊತ್ತಾಗುವುದಿಲ್ಲ.

ಸಿ.ಬಿ.ಟಿ.ಯ ಮೊದಲ ಪಾಠ ಈ ಗಂಟನ್ನು ಬಿಡಿಸುವುದು. ಆದದ್ದು ಏನು? ಆಗ ಅನ್ನಿಸಿದ್ದು ಏನು? ಮನಸ್ಸಿಗೆ ಏನಾಯಿತು, ಮೈಗೆ ಏನಾಯಿತು? ಆಮೇಲೆ ಏನು ಮಾಡಿದಿರಿ? ಇಷ್ಟೇ ಪ್ರಶ್ನೆಗಳು. ನೋಟುಬುಕ್ಕಿನಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿಕೊಂಡು ಒಂದೊಂದರಲ್ಲಿ ಒಂದೊಂದನ್ನು ಬರೆಯಬೇಕು. ದಾರಿಯಲ್ಲಿ ಸಿಕ್ಕ ವಾರಗಿತ್ತಿ ಮಾತಾಡಿಸದೆ ಹೋದಳು ಎಂಬುದು ಆದದ್ದು. ‘ನನ್ನ ಮೇಲೆ ಏನೋ ಸಿಟ್ಟು, ನನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿಲ್ಲ’ ಎಂಬುದು ಅನ್ನಿಸಿದ್ದು. ಹೊಟ್ಟೆಯಲ್ಲಿ ಸಂಕಟವಾಗಿದ್ದು ಮೈಯ ಮನೆಗೆ. ಆ ದಿನ ನೀರು ತರಲು ಹೊರಗೆ ಹೋಗದೆ ಮಲಗಿದ್ದು ಕೊನೆಯ ಮನೆಗೆ. ಆ ವಾರಗಿತ್ತಿಗೆ ಆವತ್ತು ಹಲ್ಲುನೋವೂ ಇದ್ದಿರಬಹುದು ಎಂಬುದು ಹೀಗೆ ಬರೆದ ಮೇಲೆಯೇ ಹೊಳೆಯುತ್ತದೆ. ಹೊಳೆಯದೆಯೂ ಹೋಗಬಹುದು. ಅವಳಿಗೆ ನಿಜವಾಗಿಯೇ ಸಿಟ್ಟಿದ್ದರೆ ಹೋಗಿ ಕೇಳಬೇಕಾಗುತ್ತದೆ, ಅದೂ ಚಿಕಿತ್ಸೆಯ ಭಾಗವೇ.

ನಮ್ಮ ಕಡೆ ಇನ್ನೊಂದು ತೊಡಕುಂಟು. ಖಿನ್ನತೆ, ಆತಂಕ ಎಂಬ ಪುಸ್ತಕದ ಪದಗಳನ್ನು ಯಾರೂ ಆಸ್ಪತ್ರೆಯಲ್ಲಿ ಹೇಳುವುದಿಲ್ಲ. ‘ಕೈಕಾಲು ಸೋಲ್ತದೆ’, ‘ಎದೆ ಹಾರ್ತದೆ’, ‘ತಲೆ ಧಿಂ ಅಂತದೆ’, ‘ಮೈಯೆಲ್ಲ ಉರಿ’, ‘ಜೀವಕ್ಕೇ ನೆಮ್ಮದಿ ಇಲ್ಲ’ ಎನ್ನುತ್ತಾರೆ. ದುಃಖ ನಮ್ಮಲ್ಲಿ ಮೈಯ ಭಾಷೆಯಲ್ಲಿ ಮಾತಾಡುತ್ತದೆ. ಅದನ್ನು ತಿಳಿಯದ ಚಿಕಿತ್ಸಕ ಇಂಗ್ಲಿಷ್ ಪುಸ್ತಕದ ಪ್ರಶ್ನೆಗಳನ್ನು ಹಾಗೆಯೇ ಕನ್ನಡಕ್ಕೆ ಇಳಿಸಿ ‘ನಿಮ್ಮ ಆಲೋಚನೆ ಏನು?’ ಎಂದು ಕೇಳಿದರೆ ‘ಎಂಥ ಆಲೋಚನೆಯೂ ಇಲ್ಲ ಸಾರ್, ಗ್ಯಾಸ್ಟ್ರಿಕ್ಕು’ ಎಂಬ ಉತ್ತರ ಬರುತ್ತದೆ.

<b>ಎದೆ ಹಾರಿದ ಹೆಂಗಸು</b>

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾವ ಒಬ್ಬರ ಕತೆಯೂ ಅಲ್ಲ, ಇಂಥ ಬಹಳ ಕತೆಗಳು ಸಾಮಾನ್ಯವಾಗಿ ಹೀಗಿರುತ್ತವೆ.

ಆನವಟ್ಟಿ ಕಡೆಯ ಒಬ್ಬ ಗೃಹಿಣಿ. ಒಂದಿಷ್ಟು ಗದ್ದೆ, ಒಂದಿಷ್ಟು ಅಡಿಕೆ, ಎರಡು ಎಮ್ಮೆ. ಒಂದು ದಿನ ತುಂಬಿದ ಬಸ್ಸಿನಲ್ಲಿ ನಿಂತಿದ್ದಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡಿತು. ಬೆವರು, ಉಸಿರು ಸಾಲದು, ಬೆರಳ ತುದಿ ಜೋಮು. ಬಸ್ಸು ನಿಲ್ಲಿಸಿ ಇಳಿಸಿದರು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ಏನೂ ಇಲ್ಲವೆಂದರು. ಶಿವಮೊಗ್ಗಕ್ಕೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದರೂ ಅದೇ ಮಾತು. ‘ಏನೂ ಇಲ್ಲ’ ಎನ್ನುವುದಕ್ಕಿಂತ ಕ್ರೂರವಾದ ಸಮಾಧಾನ ಇನ್ನೊಂದಿಲ್ಲ. ಏನೋ ಇದೆಯೆಂದು ಅವರ ಮೈಗೆ ಗೊತ್ತು. ಅಂದಿನಿಂದ ಬಸ್ಸು ಬಿಟ್ಟರು, ಸಂತೆ ಬಿಟ್ಟರು, ತವರಿನ ಮದುವೆ ಬಿಟ್ಟರು. ವರ್ಷ ತಿರುಗುವ ಹೊತ್ತಿಗೆ ಮನೆಯ ಜಗಲಿ ಇಳಿಯಲೂ ಜೊತೆಗೆ ಒಬ್ಬರು ಬೇಕಾಯಿತು.

ಇಂಥವರು ತಿಳಿದವರ ಕೈಗೆ ಸಿಕ್ಕರೆ ಮಾತು ಹೀಗೆ ಸಾಗುತ್ತದೆ.

‘ಬಸ್ಸಲ್ಲಿ ಹಂಗಾದಾಗ ನಿಮಗೆ ಏನು ಅನ್ನಿಸ್ತು ಅಮ್ಮ?’

‘ಎದೆ ನಿಂತೇ ಹೋಗ್ತದೆ ಅನ್ನಿಸ್ತು ಮೇಡಂ. ಮಕ್ಕಳ ಗತಿ ಎಂಥದು ಅಂತ ಅನ್ನಿಸ್ತು.’

‘ಆಮೇಲೆ ಎಷ್ಟು ಸಲ ಹೀಗೆ ಆಗಿದೆ?’

‘ಒಂದಿಪ್ಪತ್ತು ಸಲ ಆಗಿರಬಹುದು.’

‘ಇಪ್ಪತ್ತರಲ್ಲಿ ಎದೆ ಎಷ್ಟು ಸಲ ನಿಂತಿತು?’

ಇಬ್ಬರೂ ನಗುತ್ತಾರೆ. ಆಮೇಲೆ ಆ ಹೆಂಗಸು ಹೇಳುವ ಮಾತೇ ಕಾಯಿಲೆಯ ಬೇರು. ‘ಒಂದು ಸಲಾನೂ ಇಲ್ಲ ಮೇಡಂ. ನಮ್ಮನೆಯವರು ಗಟ್ಟಿಯಾಗಿ ಕೈ ಹಿಡ್ಕೊಂಡಿದ್ರಲ್ಲ, ಅದಕ್ಕೇ ಉಳ್ಕೊಂಡೆ.’

ಅಂದರೆ ಇಪ್ಪತ್ತು ಸಲ ಬದುಕಿ ಉಳಿದದ್ದು ಧೈರ್ಯಕ್ಕೆ ಜಮೆಯಾಗಲಿಲ್ಲ. ಗಂಡನ ಕೈಗೆ, ಚೀಲದಲ್ಲಿದ್ದ ನೀರಿನ ಬಾಟಲಿಗೆ, ಸೆರಗಿನ ತುದಿಯ ಮಾತ್ರೆಗೆ ಜಮೆಯಾಯಿತು. ಈ ಊರುಗೋಲುಗಳು ಇರುವವರೆಗೆ ಭಯ ಸುಳ್ಳೆಂದು ಮನಸ್ಸು ಒಪ್ಪುವುದಿಲ್ಲ. ಬುದ್ಧಿ ಹೇಳಿದರೆ ಇದು ಹೋಗುವುದೂ ಇಲ್ಲ. ‘ಧೈರ್ಯವಾಗಿರಿ’ ಎಂದು ನೆಂಟರೆಲ್ಲ ಹೇಳಿ ಸೋತಿರುತ್ತಾರೆ.

ಹಾಗಾಗಿ ಚಿಕಿತ್ಸಕಿ ಒಂದು ಪ್ರಯೋಗ ಮಾಡಿಸುತ್ತಾರೆ. ಹೃದಯ, ಶ್ವಾಸಕೋಶ ಚೆನ್ನಾಗಿವೆಯೆಂದು ಡಾಕ್ಟರು ಮೊದಲೇ ನೋಡಿರಬೇಕು. ಕುರ್ಚಿಯಲ್ಲಿ ಕೂತಲ್ಲೇ ಒಂದು ನಿಮಿಷ ಜೋರಾಗಿ, ಬೇಗಬೇಗ ಉಸಿರಾಡಲು ಹೇಳುತ್ತಾರೆ. ತಲೆ ಸುತ್ತು, ಬೆರಳು ಜೋಮು, ಎದೆ ಡವಡವ ಎಲ್ಲ ಬಸ್ಸಿನಲ್ಲಿ ಆದಂತೆಯೇ! ಬೇಗ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ, ಉಸಿರು ಮಾಮೂಲಿಗೆ ಬಂದ ಮೇಲೆ ತಾನೇ ಇಳಿಯುತ್ತದೆ. ಭಯದಿಂದ ಎದೆ ಹಾರಿತು, ಎದೆ ಹಾರಿದ್ದನ್ನು ಕಂಡು ಸಾವೇ ಬಂತೆಂದು ಅನ್ನಿಸಿತು, ಹಾಗೆ ಅನ್ನಿಸಿದ್ದರಿಂದ ಇನ್ನಷ್ಟು ಹಾರಿತು. ಈ ಗಾಣದ ಸುತ್ತನ್ನು 1986ರಲ್ಲಿ ಡೇವಿಡ್ ಕ್ಲಾರ್ಕ್ ಎಂಬ ಇಂಗ್ಲೆಂಡಿನ ಮನೋವಿಜ್ಞಾನಿ ಸ್ಪಷ್ಟವಾಗಿ ವಿವರಿಸಿದರು. ನಮ್ಮ ಗೃಹಿಣಿಗೆ ಕ್ಲಾರ್ಕ್ ಯಾರೆಂದು ತಿಳಿಯಬೇಕಾಗಿಲ್ಲ. ತನ್ನ ಉಸಿರಿನಿಂದ ತಾನೇ ಅದನ್ನು ಬರಿಸಿ, ತಾನೇ ಹೋಗಿಸಿದ್ದನ್ನು ಅವರು ಕಂಡಿದ್ದಾರೆ.

ಆಮೇಲಿನದು ಮೆಟ್ಟಿಲು ಹತ್ತುವ ಕೆಲಸ. ಮೊದಲ ವಾರ ಗಂಡನ ಜೊತೆ ಬಸ್‌ಸ್ಟಾಂಡಿನವರೆಗೆ. ಎರಡನೆಯ ವಾರ ಗಂಡ ಬಸ್ಸಿನ ಹಿಂದಿನ ಸೀಟಿನಲ್ಲಿ, ಇವರು ಮುಂದೆ. ಆಮೇಲೆ ಒಂದು ಸ್ಟೇಜು ಒಬ್ಬರೇ. ಆಮೇಲೆ ನೀರಿನ ಬಾಟಲಿ ಮನೆಯಲ್ಲಿ ಬಿಟ್ಟು ಸೊರಬದವರೆಗೆ. ಪ್ರತಿ ಸಲ ಹೊರಡುವ ಮೊದಲು ‘ಏನಾಗಬಹುದು ಅನ್ನಿಸ್ತದೆ’ ಎಂದೂ, ಬಂದ ಮೇಲೆ ‘ಏನಾಯಿತು’ ಎಂದೂ ನೋಟುಬುಕ್ಕಿನಲ್ಲಿ ಬರೆಯಬೇಕು. ಹತ್ತು ಹದಿನೈದು ಭೇಟಿಗಳಲ್ಲಿ ಬಹಳಷ್ಟು ಜನ ದಡ ಮುಟ್ಟುತ್ತಾರೆ. ನಡುವೆ ಒಂದು ವಾರ ಹಿಂದೆ ಬೀಳುವುದೂ ಉಂಟು. ಚಿಕಿತ್ಸಕರು ಅದಕ್ಕೆ ಗಾಬರಿಯಾಗುವುದಿಲ್ಲ.

<b>ಮಡಿ ಯಾವುದು, ಗೀಳು ಯಾವುದು</b>

ಗೀಳು ಕಾಯಿಲೆಯಲ್ಲಿಯೂ ಇದೇ ಬಗೆಯ ಧೈರ್ಯದ ಕೆಲಸವಿದೆ, ಇನ್ನೂ ಕಠಿಣವಾಗಿ. ಕೈ ತೊಳೆದಷ್ಟೂ ಮೈಲಿಗೆ ಉಳಿದಂತೆ ಅನ್ನಿಸುವುದು, ಬೀಗ ಎಳೆದು ನೋಡಿದಷ್ಟೂ ಹಾಕಿಲ್ಲವೆನ್ನಿಸುವುದು. ಚಿಕಿತ್ಸೆಯೆಂದರೆ ಕೊಳೆಯೆನಿಸಿದ್ದನ್ನು ಮುಟ್ಟಿ, ತೊಳೆಯದೆ, ಆ ಚಡಪಡಿಕೆ ತಾನಾಗಿ ಇಳಿಯುವವರೆಗೆ ಕೂತಿರುವುದು. ವಿಕ್ಟರ್ ಮೇಯರ್ 1966ರಲ್ಲಿ ಲಂಡನ್ನಿನಲ್ಲಿ ಇದನ್ನು ಮಾಡಿ ತೋರಿಸಿದ್ದರು. ನಮ್ಮ ಮನೆಗಳಲ್ಲಿ ಕಾಯಿಲೆ ಮಡಿಯ ಸೆರಗಿನಲ್ಲಿ ಅಡಗಿ ಕೂರುತ್ತದೆ. ಅಜ್ಜಿಯದು ಮಡಿ, ಸೊಸೆಯದು ಗೀಳು ಎಂದು ಹೇಳುವುದು ಹೇಗೆ? ಅಜ್ಜಿ ಮಡಿಯುಟ್ಟು ಪೂಜೆ ಮುಗಿಸಿ, ಊಟ ಮಾಡಿ, ನೆಮ್ಮದಿಯಾಗಿ ಎಲೆಅಡಿಕೆ ಹಾಕಿಕೊಳ್ಳುತ್ತಾಳೆ. ಸೊಸೆ ಸಂಜೆಯವರೆಗೂ ಬಚ್ಚಲಿನಲ್ಲೇ ಇರುತ್ತಾಳೆ, ಕೈ ಬಿರಿದು ರಕ್ತ ಬಂದಿರುತ್ತದೆ, ತೊಳೆದದ್ದು ಸಾಕೆಂದು ಅವಳಿಗೆ ಒಂದು ದಿನವೂ ಅನ್ನಿಸಿರುವುದಿಲ್ಲ. ‘ಎಷ್ಟು ಮಡಿವಂತೆ’ ಎಂದು ಮನೆಯವರು ಹೊಗಳುತ್ತಿರುವಾಗ ಅವಳು ಒಳಗೊಳಗೇ ಸೋಲುತ್ತಿರುತ್ತಾಳೆ.

<b>ಕ್ಯಾಸನೂರಿನ ಭಯ, ಶುಂಠಿಯ ಸಾಲ</b>

ಹಾಗಾದರೆ ಭಯವೆಲ್ಲ ಭ್ರಮೆಯೇ? ಸೊರಬದವರ ಮುಂದೆ ಹಾಗೆಂದು ಹೇಳುವಂತಿಲ್ಲ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಮನುಷ್ಯರಿಗೆ ಜ್ವರ ಬಂತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಆ ಜ್ವರಕ್ಕೆ ಇವತ್ತಿಗೂ ಈ ಊರಿನದೇ ಹೆಸರು. ನಮಗೆ ಅದು ಮಂಗನ ಕಾಯಿಲೆ. ಬೇಸಗೆಯ ತಿಂಗಳುಗಳಲ್ಲಿ ದರಕಿಗೆ ಕಾಡಿಗೆ ಹೋಗುವಾಗ ಉಣುಗಿಗೆ ಹೆದರಿ ಮೈಗೆ ಎಣ್ಣೆ ಸವರಿಕೊಂಡು ಹೋಗುವವರದು ಕಾಯಿಲೆಯಲ್ಲ, ವಿವೇಕ. ಮಳೆಗಾಲದ ನಡುವೆ, ಕಾಡಿನ ಕಡೆ ತಲೆ ಹಾಕದಿದ್ದರೂ, ದಿನಕ್ಕೆ ಹತ್ತು ಸಲ ಹಣೆ ಮುಟ್ಟಿ ಜ್ವರ ನೋಡಿಕೊಳ್ಳುವಂತಾದರೆ ಅದು ಬೇರೆ. ಒಳ್ಳೆಯ ಚಿಕಿತ್ಸಕರು ಅಪಾಯವೇ ಇಲ್ಲವೆಂದು ಹೇಳುವುದಿಲ್ಲ. ಅಪಾಯ ಎಷ್ಟು, ಅನ್ನಿಸಿದ್ದು ಎಷ್ಟು ಎಂದು ಅಳೆದು ನೋಡಲು ಕಲಿಸುತ್ತಾರೆ.

ಈ ಚಿಕಿತ್ಸೆಯ ಮೇಲಿನ ಗಟ್ಟಿಯಾದ ಆಕ್ಷೇಪಣೆ ಇಲ್ಲಿಯೇ ಬರುತ್ತದೆ. ಶುಂಠಿಗೆ ಕೊಳೆರೋಗ ಬಿತ್ತು, ಗುತ್ತಿಗೆಗೆ ಹಿಡಿದ ನೆಲದ ಹಣ ಕೊಡಬೇಕು, ಸೊಸೈಟಿಯ ಸಾಲ ಹಾಗೇ ಇದೆ, ಮೆಕ್ಕೆಜೋಳಕ್ಕೆ ರೇಟಿಲ್ಲ. ಇಂಥ ರೈತನಿಗೆ ‘ನಿಮ್ಮ ಆಲೋಚನೆ ಸರಿಯಿಲ್ಲ, ತಿದ್ದಿಕೊಳ್ಳಿ’ ಎಂದರೆ ಅದು ಚಿಕಿತ್ಸೆಯಲ್ಲ, ಅವಮಾನ. ಸಾಲ ತಲೆಯೊಳಗೆ ಹುಟ್ಟಿದ್ದಲ್ಲ. ಅದಕ್ಕೆ ಬೇಕಾದದ್ದು ಬೆಲೆ, ವಿಮೆ, ಬ್ಯಾಂಕಿನವರ ಸ್ವಲ್ಪ ತಾಳ್ಮೆ. ಈ ಮಾತನ್ನು ಯಾವ ಮನೋವೈದ್ಯರೂ ಅಲ್ಲಗಳೆಯಲಾರರು, ಅಲ್ಲಗಳೆದರೆ ನಂಬಬೇಡಿ.

ಆದರೂ ಒಂದು ಸಂಗತಿ ಉಳಿಯುತ್ತದೆ. ಅದೇ ಸಾಲವಿರುವ ಹತ್ತು ಜನರಲ್ಲಿ ಒಬ್ಬನಿಗೆ ‘ನಾನು ಇಲ್ಲದಿದ್ದರೆ ಮನೆಯವರು ಸುಖವಾಗಿರುತ್ತಾರೆ’ ಎನ್ನಿಸುತ್ತದೆ. ಸಾಲ ಆದದ್ದು, ಇದು ಅನ್ನಿಸಿದ್ದು. ಖಿನ್ನತೆಯಲ್ಲಿ ಎರಡೂ ಒಂದೇ ಲೆಕ್ಕದ ಪುಸ್ತಕದ ಎರಡು ಸಾಲುಗಳಂತೆ, ಅಷ್ಟೇ ಖಚಿತವಾಗಿ ಕಾಣುತ್ತವೆ. ಅವನ ಹೆಂಡತಿಯನ್ನು ಕರೆದು ಕೂರಿಸಿ ‘ನಿಮಗೆ ಹಾಗೆ ಅನ್ನಿಸ್ತದಾ?’ ಎಂದು ಅವನ ಎದುರಿಗೇ ಕೇಳುವುದು ಬಹಳ ಸರಳವಾದ ಕೆಲಸ. ಅದನ್ನು ಮಾಡುವವರು ಇಲ್ಲದೆ ಎಷ್ಟು ಮನೆಗಳು ಹಾಳಾಗಿವೆಯೋ. ಖಿನ್ನತೆಗೆ ಬಳಸುವ ಇನ್ನೊಂದು ಉಪಾಯವೂ ರೈತರಿಗೆ ಒಗ್ಗುವಂಥದು. ಹುರುಪು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಮಲಗಿದವನಿಗೆ ಹುರುಪು ಬರುವುದೇ ಇಲ್ಲ. ಮೊದಲು ಸಣ್ಣ ಕೆಲಸ, ಹುರುಪು ಅದರ ಹಿಂದೆ ಬರುತ್ತದೆ. ಎದ್ದು ಎಮ್ಮೆಗೆ ಹುಲ್ಲು ಹಾಕುವುದು, ಗದ್ದೆಯ ಬದುವಿನವರೆಗೆ ಹೋಗಿಬರುವುದು, ಚಾ ಅಂಗಡಿಯಲ್ಲಿ ಹತ್ತು ನಿಮಿಷ. ಇವನ್ನು ದಿನ, ಗಂಟೆ ಹಾಕಿ ಪಟ್ಟಿ ಮಾಡಿ, ಮಾಡಿದ ಮೇಲೆ ಮನಸ್ಸು ಹೇಗಿತ್ತೆಂದು ಗುರುತು ಹಾಕಿಸುತ್ತಾರೆ.

<b>ಓದು ಬಾರದವರ ನೋಟುಬುಕ್ಕು</b>

ಬರೆಯಲು ಬಾರದವರು ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮಂಥದೇ ಹಳ್ಳಿಗಳಿಂದ ಬಂದಿದೆ. ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಲ್ಲಿ ಬಸುರಿಯರ, ಬಾಣಂತಿಯರ ಖಿನ್ನತೆಗೆ ಅತೀಫ್ ರಹಮಾನ್ ಮತ್ತು ಸಂಗಡಿಗರು ಸಿ.ಬಿ.ಟಿ.ಯನ್ನು ಚಿತ್ರಗಳಲ್ಲಿ ಬರೆಸಿದರು. ಅದನ್ನು ಮನೆಮನೆಗೆ ಒಯ್ದವರು ಅಲ್ಲಿನ ಆರೋಗ್ಯ ಕಾರ್ಯಕರ್ತೆಯರು, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅದೇ ಊರಿನ ಹೆಣ್ಣುಮಕ್ಕಳು. 2008ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಹೆರಿಗೆಯಾಗಿ ಆರು ತಿಂಗಳಾದಾಗ ಈ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ಉಳಿದಿದ್ದದ್ದು ಶೇ. 23 ಮಂದಿಗೆ, ಬರೀ ಮಾಮೂಲಿ ಭೇಟಿ ಪಡೆದವರಲ್ಲಿ ಶೇ. 53 ಮಂದಿಗೆ.

ಇನ್ನೂ ಹತ್ತಿರದ ಉದಾಹರಣೆ ಗೋವಾದ್ದು. ವಿಕ್ರಮ್ ಪಟೇಲ್ ಮತ್ತು ಅವರ ತಂಡ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವಿಜ್ಞಾನ ಓದದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಆಪ್ತಸಲಹೆಗಾರರನ್ನಾಗಿ ಮಾಡಿತು. ಮೇಲೆ ಹೇಳಿದ ‘ಮೊದಲು ಸಣ್ಣ ಕೆಲಸ’ದ ಚಿಕಿತ್ಸೆಯೇ, ಆರರಿಂದ ಎಂಟು ಭೇಟಿ. ತೀವ್ರ ಖಿನ್ನತೆಯಿದ್ದವರಲ್ಲಿ ಮೂರು ತಿಂಗಳಿಗೆ ಶೇ. 64 ಮಂದಿ ಚೇತರಿಸಿಕೊಂಡರು. ಈ ಭೇಟಿಗಳಿಲ್ಲದವರಲ್ಲಿ ಶೇ. 39. ಇದು 2017ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ದೊಡ್ಡ ಡಿಗ್ರಿ ಇದ್ದವರೇ ಆಗಬೇಕೆಂಬ ವಾದ ಅಲ್ಲಿಗೆ ಸಡಿಲವಾಯಿತು. ತರಬೇತಿ ಬೇಕು, ಮೇಲೆ ಒಬ್ಬ ತಜ್ಞರ ಕಣ್ಣು ಇರಬೇಕು. ಅವೆರಡೂ ಇಲ್ಲದೆ ವಾರದ ಕೋರ್ಸು ಮುಗಿಸಿ ಬೋರ್ಡು ಹಾಕಿಕೊಂಡವರ ವಿಷಯ ಬೇರೆ. ಅಂಥವರಿಂದ ದೂರವಿರುವುದು ಕ್ಷೇಮ.

<b>ಮಂಗಳವಾರದ ಆಸ್ಪತ್ರೆ</b>

ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಹುಟ್ಟಿತು. ಆ ದಶಕದಲ್ಲಿಯೇ ಅಲ್ಲಿ ಚಿಕಿತ್ಸಾ ಮನೋವಿಜ್ಞಾನದ ತರಬೇತಿ ಶುರುವಾಯಿತು. 1974ರಲ್ಲಿ ಅದೇ ಸಂಸ್ಥೆ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ಮನೋರೋಗಗಳ ಚಿಕಿತ್ಸೆ ಕಲಿಸಿದ ಪ್ರಯೋಗ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ 2005ರಿಂದ ಸ್ಕಿಜೋಫ್ರೇನಿಯಾ ಇದ್ದವರನ್ನು ಊರೂರಲ್ಲಿ ಹುಡುಕಿ, ಅಲ್ಲಿಯೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿಕೊಂಡಿತು. ಶಿವಮೊಗ್ಗದಲ್ಲಿ ಡಾ. ಅಶೋಕ್ ಪೈ ಅವರ ಹೆಸರು ಕೇಳದವರು ಕಡಿಮೆ. ‘ಮಾನಸ’ ಆಸ್ಪತ್ರೆ ಕಟ್ಟಿದ ಅವರು ಕನ್ನಡದಲ್ಲಿ ಸಲೀಸಾಗಿ ಬರೆದರು. 1988ರ ‘ಕಾಡಿನ ಬೆಂಕಿ’ಯಂಥ ಸಿನಿಮಾದ ಮೂಲಕ ಮನಸ್ಸಿನ ಕಾಯಿಲೆಯನ್ನು ಜನರ ಮಾತಿನೊಳಗೆ ತಂದರು. 2016ರಲ್ಲಿ ಅವರು ತೀರಿಕೊಂಡಾಗ ಈ ಭಾಗಕ್ಕೆ ಆದ ನಷ್ಟ ಸಣ್ಣದಲ್ಲ.

2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋರೋಗ ಕ್ಲಿನಿಕ್ಕುಗಳನ್ನು ತೆರೆಯಲು ಹೊರಟಿತು. ಒಳ್ಳೆಯ ಕೆಲಸ. ಆದರೆ ಒಂದು ಬೆಳಗ್ಗೆಯಲ್ಲಿ ಬಾಗಿಲ ಹೊರಗೆ ಕಾದು ನಿಂತವರನ್ನೆಲ್ಲ ನೋಡಬೇಕಾದ ಡಾಕ್ಟರು ಒಬ್ಬೊಬ್ಬರಿಗೆ ಎಷ್ಟು ನಿಮಿಷ ಕೊಡಬಲ್ಲರು? ಸಿ.ಬಿ.ಟಿ.ಗೆ ಒಂದು ಭೇಟಿಗೆ ಮುಕ್ಕಾಲು ಗಂಟೆಯಾದರೂ ಬೇಕು, ಅದೂ ವಾರ ವಾರ. ಶಿಕಾರಿಪುರದಿಂದ ಶಿವಮೊಗ್ಗ 50 ಕಿ.ಮೀ. ಆಸುಪಾಸು, ಸೊರಬದಿಂದ ಇನ್ನೂ ದೂರ. ಹನ್ನೆರಡು ವಾರ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಹೋಗಿಬರುವುದು ಯಾರಿಂದ ಸಾಧ್ಯ? ಬಸ್ಸು ಹತ್ತಲಾರದ್ದೇ ಕಾಯಿಲೆಯಾದವರಿಗಂತೂ ಕೇಳುವುದೇ ಬೇಡ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಒಂದಲ್ಲ ಒಂದು ಮನೋಕಾಯಿಲೆ ಇತ್ತು. ಕಾಯಿಲೆಯಿದ್ದೂ ಚಿಕಿತ್ಸೆ ಸಿಗದವರು ಕಾಯಿಲೆಯನ್ನವಲಂಬಿಸಿ ಶೇ. 70ರಿಂದ 92ರವರೆಗೆ. ಕರ್ನಾಟಕ ಆ 12ರಲ್ಲಿ ಇರಲಿಲ್ಲವಾದರೂ ನಮ್ಮ ಪಾಡು ತೀರಾ ಬೇರೆ ಇದ್ದೀತು ಎಂದು ನಂಬಲು ಕಾರಣ ಕಾಣುವುದಿಲ್ಲ.

ಆದ್ದರಿಂದ ಕೇಳಬೇಕಾದದ್ದು ಇನ್ನೊಂದು ದೊಡ್ಡ ಕಟ್ಟಡವನ್ನಲ್ಲ. ಗೋವಾದಲ್ಲಿ ಮಾಡಿದಂತೆ ಊರಿನವರೇ ಆದ ಇಬ್ಬರು ಮೂವರು, ಅವರ ಮೇಲೆ ವಾರಕ್ಕೊಮ್ಮೆ ಕಣ್ಣಿಡುವ ಒಬ್ಬ ಮನೋವಿಜ್ಞಾನಿ, ಆಸ್ಪತ್ರೆಯಲ್ಲಿ ಬಾಗಿಲು ಮುಚ್ಚಬಹುದಾದ ಒಂದು ಕೋಣೆ. ಈಗಾಗಲೇ ನೂರೆಂಟು ಕೆಲಸ ಹೊತ್ತಿರುವ ಆಶಾ ಕಾರ್ಯಕರ್ತೆಯ ತಲೆಗೆ ಸಂಬಳವಿಲ್ಲದೆ ಇದನ್ನೂ ಕಟ್ಟುವುದು ಮಾತ್ರ ನ್ಯಾಯವಲ್ಲ.

ಎಲ್ಲರಿಗೂ ಇದೇ ಮದ್ದು ಎಂದು ತಿಳಿಯಬಾರದು. ಇಲ್ಲದ ದನಿ ಕೇಳಿಸುವವರಿಗೆ, ಮನಸ್ಸಿನ ಏರಿಳಿತ ವಿಪರೀತವಾದವರಿಗೆ ಮಾತ್ರೆಯೇ ಮೊದಲು, ಸಿ.ಬಿ.ಟಿ. ಅದರ ಬೆನ್ನಿಗೆ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಈ ಲೇಖನ ಓದಿ ನಿಲ್ಲಿಸುವುದು ಅಪಾಯ. ಸಾಯಬೇಕೆನ್ನಿಸುತ್ತಿದ್ದರೆ ಮಂಗಳವಾರದವರೆಗೆ ಕಾಯಬೇಕಾಗಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗಲಾದರೂ, ಕನ್ನಡದಲ್ಲಿಯೇ, ದುಡ್ಡಿಲ್ಲದೆ ಮಾತಾಡಬಹುದು.

ಆಸ್ಪತ್ರೆಗೆ ಹೋಗುವವರು ಹಳೆಯ ಚೀಟಿಗಳನ್ನು, ನುಂಗುತ್ತಿರುವ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕಳೆದ ಒಂದು ವಾರದಲ್ಲಿ ಯಾವಾಗ ಹೆಚ್ಚಾಯಿತು, ಆಗ ಎಲ್ಲಿದ್ದಿರಿ, ಏನು ಅನ್ನಿಸಿತು ಎಂದು ಮಕ್ಕಳ ಕೈಯಲ್ಲಾದರೂ ನಾಲ್ಕು ಸಾಲು ಬರೆಸಿಕೊಳ್ಳಿ. ‘ಮಾತಿನ ಚಿಕಿತ್ಸೆ ಕೊಡುವವರು ಇಲ್ಲಿ ಯಾರಿದ್ದಾರೆ, ಯಾವ ದಿನ ಬರುತ್ತಾರೆ?’ ಎಂದು ಬಾಯಿಬಿಟ್ಟು ಕೇಳಿ. ಜೊತೆಗೆ ಮನೆಯವರೊಬ್ಬರು ಇರಲಿ. ಮೊದಲ ಹತ್ತು ನಿಮಿಷ ಅವರೂ ಒಳಗೆ ಕೂತು ತಾವು ಕಂಡದ್ದನ್ನು ಹೇಳಲಿ, ಆಮೇಲೆ ಎದ್ದು ಹೊರಗಿನ ಬೆಂಚಿನ ಮೇಲೆ ಕಾಯಲಿ.